ಬಂಗುಡೆಯ ಬೆನ್ನು ಹಿಡಿದು

ತಮಿಳುನಾಡಿನ ಮದುಕ್ಕರೈಯಿಂದ ಕಡಲು ಕಾಣುವುದಿಲ್ಲ. ಸಿಮೆಂಟ್ ಕಾರ್ಖಾನೆ ಕಾಣುತ್ತದೆ, ಪಾಲಕ್ಕಾಡಿಗೆ ಹೋಗುವ ಹೆದ್ದಾರಿ ಕಾಣುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮಂಥವರು ಇಲ್ಲಿ 'ಅಯಿಲೈ' ಎಂದು ಕೇಳಿ ಕೊಳ್ಳುವ ಮೀನು ಮಂಗಳೂರಿನ ಬಂಗುಡೆಯೇ. ಕಾರವಾರದ ಕೊಂಕಣಿಗರಿಗೆ ಅದು ಬಾಂಗ್ಡೊ.

ಈ ಮೀನಿನ ಮೇಲೆ ಏನೆಲ್ಲ ಸಂಶೋಧನೆ ನಡೆದಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕಲು ಕೂತಾಗ ಈ ಹೆಸರುಗಳು ನನ್ನನ್ನು ಹೆಚ್ಚು ದೂರ ಒಯ್ಯಲಿಲ್ಲ. ಬಾಗಿಲು ತೆರೆದದ್ದು ಅದರ ಶಾಸ್ತ್ರೀಯ ಹೆಸರು: ರಾಸ್ಟ್ರೆಲಿಗರ್ ಕನಗುರ್ತ. ಕನಗುರ್ತ ಎಂಬುದು ತೆಲುಗು ಮಾತು! ವಿಶಾಖಪಟ್ಟಣದ 200 ಮೀನುಗಳ ಚಿತ್ರ, ವರ್ಣನೆಗಳನ್ನು 1803ರಲ್ಲಿ ಪ್ರಕಟಿಸಿದ ಪ್ಯಾಟ್ರಿಕ್ ರಸೆಲ್, ಅಲ್ಲಿನವರು ಕರೆಯುತ್ತಿದ್ದ ಹೆಸರನ್ನೇ ಪುಟದ ಮೇಲೆ ಬರೆದಿಟ್ಟ. ಅದರ ಆಧಾರದ ಮೇಲೆ ಪ್ಯಾರಿಸ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ 1816ರಲ್ಲಿ ಈ ಮೀನನ್ನು ಸ್ಕಾಂಬರ್ ಕನಗುರ್ತ ಎಂದು ಕರೆದ. ಮುಂದೆ ಸ್ಕಾಂಬರ್ ಹೋಯಿತು, ತೀರದ ಜನರ ಮಾತು ಉಳಿಯಿತು.

ಹುಡುಕುವವರಿಗೆ ಇಲ್ಲೊಂದು ತೊಡಕಿದೆ. 1950ರ ದಶಕದ ಬರಹಗಳಲ್ಲಿ ಕನಗುರ್ತದ ರೋಮನ್ ಲಿಪಿಯ ಮೊದಲಕ್ಷರ 'ಕೆ' ಬದಲು 'ಸಿ' ಇರುವುದುಂಟು. ಎರಡನ್ನೂ ಹಾಕಿ ಹುಡುಕಬೇಕು. ಹಳೆಯ, ಹೊಸ ಹೆಸರುಗಳನ್ನು ಜೋಡಿಸಿಕೊಡಲು ಬೆಲ್ಜಿಯಂನಿಂದ ನಡೆಯುವ 'ವರ್ಮ್ಸ್' ಎಂಬ ಕಡಲ ಜೀವಿಗಳ ಪಟ್ಟಿ ಇದೆ.

ಹಾಗೆ ಹುಡುಕುತ್ತ ಸಿಕ್ಕಿದ್ದು ಎಲ್. ಬಿ. ಪ್ರಧಾನ್ 1956ರಲ್ಲಿ ಕಾರವಾರದ ಬಂಗುಡೆ ಮೀನುಗಾರಿಕೆಯ ಬಗ್ಗೆ ಬರೆದ ದೀರ್ಘ ಲೇಖನ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂತರ್ಜಾಲ ಭಂಡಾರದಲ್ಲಿ ಇಂಥವು ಪುಕ್ಕಟೆಯಾಗಿ ಓದಲು ಸಿಗುತ್ತವೆ. ಸಂಸ್ಥೆ ಶುರುವಾದದ್ದು 1947ರಲ್ಲಿ; ಹಿಂದೆ ಇದೇ ತಮಿಳುನಾಡಿನ ಮಂಡಪಂನಲ್ಲಿತ್ತು, ಈಗ ಕೊಚ್ಚಿಯಲ್ಲಿದೆ. ಸಮುದ್ರದ ನೀರು, ಪ್ರವಾಹ, ತಳದ ಮಣ್ಣಿನ ವಿಚಾರಕ್ಕೆ 1966ರಲ್ಲಿ ಶುರುವಾಗಿ ಈಗ ಗೋವಾದ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಭಂಡಾರ ನೋಡಬೇಕು.

ಇದೆಲ್ಲ ಜನರ ತೆರಿಗೆಯ ಹಣದಲ್ಲಿ ನಡೆದ ಕೆಲಸ. ಆದರೂ 'ಬಂಗುಡೆ' ಎಂದು ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಇದರ ದಾರಿ ಸಿಗುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಮಲ್ಪೆ, ಗಂಗೊಳ್ಳಿ, ತದಡಿಯ ಓದುಗರೇ, ನಿಮ್ಮ ಬಂದರಿನಲ್ಲಿ ಕೇಳುವ ಮೀನಿನ ಹೆಸರುಗಳನ್ನು ಒಂದು ಫೋಟೊ, ದಿನಾಂಕ, ಊರಿನ ಹೆಸರಿನೊಡನೆ ಬರೆದಿಡಿ. ರಸೆಲ್ ಮಾಡಿದ್ದೂ ಅದನ್ನೇ.