ಮೈಕಿನ ಗುಂಡಿಗೊಂದು ತುಂಡು ಟೇಪು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ ಹಿರಿಯರು. ನಮ್ಮ ಕಡೆ ಒಂದು ಊರಿನ ಮಾನ ಅಡಿಕೆಗಿಂತ ಸಣ್ಣ ವಸ್ತುವಿಗೆ ಹೋಗುವುದರಲ್ಲಿತ್ತು. ಆ ವಸ್ತು ಯಾವುದು ಅಂತೀರಾ? ಮೈಕಿನ ಮೈಮೇಲಿರುವ ಸ್ವಿಚ್ಚು!

ನಡೆದದ್ದು ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆಯ ಒಂದು ಹಳ್ಳಿಯಲ್ಲಿ, ಆಡಿ ತಿಂಗಳ ಮಾರಿಯಮ್ಮನ ಹಬ್ಬದ ರಾತ್ರಿ. ಊರಿನ ಹೆಸರು ಬೇಡ. ಈ ಸೀಮೆಯ ಯಾವ ಊರಿಗಾದರೂ ಸಲ್ಲುವ ಸಂಗತಿ ಇದು.

ನಮ್ಮ ತಾತನ ಕಾಲಕ್ಕೆ ನಾವೆಲ್ಲ ಸೇಲಂ ಜಿಲ್ಲೆಯವರು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಯ ಬೋರ್ಡು ಬದಲಾದರೂ ನಮ್ಮ ಬಾಯಿ ಬದಲಾಗಲಿಲ್ಲ. ನನ್ನಂಥವರಿಗೆ ಮನೆಯಲ್ಲಿ ಕನ್ನಡ, ನೆಂಟರ ಹತ್ತಿರ ತೆಲುಗು, ತಾಲ್ಲೂಕು ಆಫೀಸಿನಲ್ಲಿ ತಮಿಳು. ಪಾಲಕ್ಕೋಡು, ರಾಯಕೋಟೆ ಮಂಡಿಗಳಲ್ಲಿ ಟೊಮ್ಯಾಟೊ ಬೆಲೆ ಕೂಗುವಾಗ ಮೂರೂ ಒಂದೇ ಉಸಿರಿನಲ್ಲಿ! ಹಾಗಾಗಿ ಹಬ್ಬದ ಹಾಡಿನಲ್ಲೂ ಮೂರು ಭಾಷೆಗೂ ಪಾಲು ಇರಲೇಬೇಕು. ಇದು ಬರೆದಿಟ್ಟ ಕರಾರಲ್ಲ, ನಡೆದುಕೊಂಡು ಬಂದ ಪದ್ಧತಿ.

ಮೊದಲೆಲ್ಲ ಹಬ್ಬಕ್ಕೆ ಸೇಲಂನಿಂದಲೋ ಬೆಂಗಳೂರಿನಿಂದಲೋ ಆರ್ಕೆಸ್ಟ್ರಾ ಕರೆಸುತ್ತಿದ್ದೆವು. ಹತ್ತಾರು ಜನ, ವ್ಯಾನು, ಊಟ, ವಸತಿ. ಈಗ ಆ ಖರ್ಚು ತಡೆಯುವವರು ಯಾರು? ಒಂದು ಲ್ಯಾಪ್‌ಟಾಪು, ಮಿಕ್ಸರು, ಎರಡು ಸ್ಪೀಕರ್ ಬಾಕ್ಸು, ಎರಡು ಕಾರ್ಡ್‌ಲೆಸ್ ಮೈಕು ಇದ್ದರೆ ಕರೋಕೆ ಕಾರ್ಯಕ್ರಮ ಸಿದ್ಧ. ಸಂಗೀತ ಯಂತ್ರದ್ದು, ದನಿ ನಮ್ಮೂರ ಮಕ್ಕಳದ್ದು.

ಆ ರಾತ್ರಿ ಆದದ್ದು

ಎರಡು ತಮಿಳು ಹಾಡು ಆಯಿತು. ಒಬ್ಬ ಹುಡುಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ತೆಲುಗು ಹಾಡೊಂದನ್ನು ಚೆನ್ನಾಗಿಯೇ ಹಾಡಿದ. ಆಮೇಲೆ ನಮ್ಮ ಪಕ್ಕದ ಮನೆಯ ಹುಡುಗಿ ಎದ್ದಳು. ಕಾಲೇಜು ಓದುವ ಮಗು, ಸ್ಟೇಜು ಹತ್ತಿದ್ದು ಅದೇ ಮೊದಲು. ರಾಜ್‌ಕುಮಾರ್ ಚಿತ್ರದ, ಪಿ.ಬಿ. ಶ್ರೀನಿವಾಸ್ ಹಾಡಿದ ಹಳೆಯ ಗೀತೆ ಆರಿಸಿಕೊಂಡಿದ್ದಳು. ಹದಿನೈದು ದಿನದಿಂದ ಅವಳು ಹಟ್ಟಿಯಲ್ಲಿ ಹಾಲು ಕರೆಯುತ್ತ ಅದನ್ನೇ ಗುನುಗುತ್ತಿದ್ದುದನ್ನು ನಾನು ಕೇಳಿದ್ದೆ.

ಪಲ್ಲವಿ ಮುಗಿಯಿತು. ಚರಣಕ್ಕೆ ಬರುವ ಹೊತ್ತಿಗೆ ದನಿ ಮಾಯ! ಸಂಗೀತ ಮಾತ್ರ ಅದರ ಪಾಡಿಗೆ ಅದು ಓಡುತ್ತಿದೆ. ಹುಡುಗಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಳು. ಹಿಂದೆ ನಿಂತಿದ್ದ ಹುಡುಗರಲ್ಲಿ ಒಬ್ಬ ಕೂಗಿಬಿಟ್ಟ: "ಕನ್ನಡ ಹಾಡು ಅಂತ ಮೈಕ್ ಆಫ್ ಮಾಡಿಬಿಟ್ರು ಕಣ್ರೋ!"

ಅಷ್ಟು ಸಾಕಾಯಿತು. ಹಿಂದಿನ ಸಾಲಿನ ಕುರ್ಚಿಗಳು ಮೇಲಕ್ಕೆದ್ದವು. ಈ ಕಡೆಯ ನಾಲ್ಕು ಜನ, ಆ ಕಡೆಯ ನಾಲ್ಕು ಜನ, ಎಂದೋ ನಡೆದ ಬಾವಿ ಜಗಳ, ದಾರಿ ಜಗಳ ಎಲ್ಲ ಅದಕ್ಕೇ ಸೇರಿಕೊಂಡವು. ಮೈಕ್ ಸೆಟ್ಟಿನ ಹುಡುಗ ಎರಡೂ ಕೈ ಮೇಲಕ್ಕೆತ್ತಿ "ನಾನ್ ತೊಡವೇ ಇಲ್ಲೆ ಅಣ್ಣೇ, ನಾನು ಮುಟ್ಟೇ ಇಲ್ಲ" ಅಂತ ಎರಡು ಭಾಷೆಯಲ್ಲೂ ಗೋಗರೆಯುತ್ತಿದ್ದ. ಯಾರಿಗೆ ಬೇಕು ಅವನ ಮಾತು?

ನಾನು ಸ್ಟೇಜು ಹತ್ತಿದೆ. ವಯಸ್ಸಿಗೆ ಅಷ್ಟು ಮರ್ಯಾದೆ ಇನ್ನೂ ಉಳಿದಿದೆ. ನೋಡಿದರೆ ಹುಡುಗಿಯ ಹೆಬ್ಬೆರಳು ಸರಿಯಾಗಿ ಮೈಕಿನ ಸ್ವಿಚ್ಚಿನ ಮೇಲಿದೆ! ಇನ್ನೊಂದು ಕೈಯಲ್ಲಿ ಮೊಬೈಲು, ಅದರಲ್ಲಿ ಹಾಡಿನ ಸಾಹಿತ್ಯ. ಭಯಕ್ಕೆ ಮೈಕನ್ನು ಬಿಗಿಯಾಗಿ ಹಿಡಿದಿದ್ದಾಳೆ, ಬೆವರಿಗೆ ಬೆರಳು ಜಾರಿದೆ, ಗುಂಡಿ ಕೆಳಕ್ಕೆ ಸರಿದಿದೆ. ಅವಳ ಕೈಯನ್ನೇ ಎತ್ತಿ ಜನಕ್ಕೆ ತೋರಿಸಿ, ಮೂರು ಭಾಷೆಯಲ್ಲೂ ಹೇಳಿದೆ. ಗದ್ದಲ ಇಳಿಯಿತು. ಕೆಲವರು ನಕ್ಕರು. ಆ ನಗು ಜಗಳಕ್ಕಿಂತ ಕೆಟ್ಟದ್ದು. ಮಗು ಅತ್ತುಬಿಟ್ಟಿತು.

ಮತ್ತೆ ಹಾಡಿಸೋಣ ಅಂದರೆ ಗಂಟೆ ಹತ್ತಾಗುತ್ತ ಬಂದಿತ್ತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಿಶೇಷ ಅಪ್ಪಣೆ ಇದ್ದರೆ ಮಾತು ಬೇರೆ. ನಮ್ಮಲ್ಲಿ ಅಪ್ಪಣೆ ಇರಲಿಲ್ಲ. "ಬಿಡಿ ದೊಡ್ಡಪ್ಪ, ನಂಗೆ ಬೇಡ" ಅಂದು ಇಳಿದು ಹೋದಳು. ಹದಿನೈದು ದಿನದ ಹಾಡು ಅರ್ಧಕ್ಕೇ ನಿಂತಿತು.

ಟ್ರ್ಯಾಕ್ ಕಾಯುವುದಿಲ್ಲ

ಬೆಳಿಗ್ಗೆ ಟೊಮ್ಯಾಟೊ ಕ್ರೇಟು ಇಳಿಸಿ ಮಂಡಿಯಿಂದ ಬರುವಾಗ ಆ ಮೈಕ್ ಸೆಟ್ ಹುಡುಗನನ್ನು ಟೀ ಅಂಗಡಿಯಲ್ಲಿ ಕಂಡೆ. "ಏನ್ ತಂಬಿ, ಇದು ಯಾವಾಗಲೂ ಹೀಗೇನಾ?" ಅಂದೆ. ಅವನು ನಕ್ಕ. ಪ್ರತಿ ಕಾರ್ಯಕ್ರಮದಲ್ಲೂ ಎರಡು ಮೂರು ಸಲ ಆಗುತ್ತದಂತೆ. ಮದುವೆ ರಿಸೆಪ್ಶನ್ನಿನಲ್ಲಿ ಆದರೆ ನಗುತ್ತಾರೆ, ಊರ ಹಬ್ಬದಲ್ಲಿ ಆದರೆ ಹೊಡೆಯಲು ಬರುತ್ತಾರೆ.

ಕರೋಕೆ ಹುಟ್ಟಿದ್ದು ಜಪಾನಿನಲ್ಲಿ. 1971ರಲ್ಲಿ ಕೋಬೆ ನಗರದ ವಾದ್ಯಗಾರ ಡೈಸುಕೆ ಇನೌಎ ಎಂಬಾತ ಕಾಸು ಹಾಕಿದರೆ ಹಿನ್ನೆಲೆ ಸಂಗೀತ ನುಡಿಸುವ ಪೆಟ್ಟಿಗೆ ಮಾಡಿದ. ಅದಕ್ಕೆ ಪೇಟೆಂಟು ಮಾಡಿಸಲಿಲ್ಲ. ಕರೋಕೆ ಎಂದರೆ 'ಬರಿದಾದ ಆರ್ಕೆಸ್ಟ್ರಾ' ಎಂದು ಅರ್ಥ. ವಾದ್ಯದವರು ಕೂರುವ ಜಾಗ ಬರಿದು ಎಂದುಕೊಳ್ಳಿ. ನಮ್ಮ ತೊಂದರೆ ಇರುವುದೂ ಅಲ್ಲೇ. ಆರ್ಕೆಸ್ಟ್ರಾದಲ್ಲಿ ಮೈಕು ನಿಂತರೆ ತಬಲಾದವನು ಕಣ್ಣಲ್ಲೇ ನೋಡಿ ಅದೇ ತಾಳವನ್ನು ನಾಲ್ಕು ಸುತ್ತು ಜಾಸ್ತಿ ಬಾರಿಸಿ ಗಾಯಕನನ್ನು ಕಾಯುತ್ತಾನೆ. ಲ್ಯಾಪ್‌ಟಾಪಿಗೆ ಆ ಕಣ್ಣು ಎಲ್ಲಿಂದ ಬರಬೇಕು? ಹೋದ ಸಾಲು ಹೋಯಿತು.

ಹಾಗೆ ನೋಡಿದರೆ ಸೇಲಂ ಸೀಮೆಗೆ ಮೈಕು ಹೊಸದೇನಲ್ಲ. ಟಿ.ಆರ್. ಸುಂದರಂ 1935ರಲ್ಲಿ ಸೇಲಂನಲ್ಲೇ ಮಾಡರ್ನ್ ಥಿಯೇಟರ್ಸ್ ಕಟ್ಟಿದರು. ಮಲಯಾಳದ ಮೊದಲ ಮಾತಿನ ಚಿತ್ರ 'ಬಾಲನ್' 1938ರಲ್ಲಿ ಬಂದದ್ದು ಅಲ್ಲಿಂದಲೇ. ಮಾತಿನ ಚಿತ್ರಗಳ ಆರಂಭದ ದಿನಗಳಲ್ಲಿ ನಟರೇ ಮೈಕಿನ ಮುಂದೆ ಹಾಡಬೇಕಾಗಿತ್ತು. ಆದರೆ ಸ್ಟುಡಿಯೋದಲ್ಲಿ ಮೈಕು ಹಾಡುವವರ ಕೈಗೆ ಬರುತ್ತಿರಲಿಲ್ಲ, ಅದನ್ನು ನೋಡಿಕೊಳ್ಳಲು ಬೇರೆ ಜನ ಇದ್ದರು. ಈಗ ಮೈಕು ಎಲ್ಲರ ಕೈಗೂ ಬಂದಿದೆ. ಒಳ್ಳೆಯದೇ. ಗುಂಡಿಯೂ ಜತೆಗೆ ಬಂದಿದೆ!

ಅದೇ ಹುಡುಗ ಇನ್ನೊಂದು ಕಾರಣ ಹೇಳಿದ. ನನಗೆ ಹೊಳೆದೇ ಇರಲಿಲ್ಲ. ಹಾಡಿ ಮುಗಿಸಿದವರು ಮರ್ಯಾದಸ್ಥರಾದರೆ, ಮನೆಯಲ್ಲಿ ದೀಪ ಆರಿಸಿದ ಹಾಗೆ ಸ್ವಿಚ್ಚು ಆರಿಸಿ ಮೈಕನ್ನು ಮುಂದಿನವರಿಗೆ ಕೊಡುತ್ತಾರಂತೆ. ಮುಂದಿನವರು ಅದನ್ನು ನೋಡದೆ ಶುರು ಮಾಡುತ್ತಾರೆ. ಮೊದಲ ಸಾಲು ಗಾಳಿಗೆ.

ಗುಂಡಿ ಯಾಕೆ ಬೇಕು?

ಹಾಗಾದರೆ ಆ ಸ್ವಿಚ್ಚು ಯಾಕಿಟ್ಟಿದ್ದಾರೆ? ಆಪರೇಟರ್ ಇಲ್ಲದ ಕಡೆ ಬೇಕು. ಗುಡಿಯ ಪೂಜಾರಿ, ಶಾಲೆಯ ಮೇಷ್ಟ್ರು, ಹರಾಜು ಕೂಗುವವನು ತಾವೇ ಹಾಕಿ ತಾವೇ ಆರಿಸಬೇಕು. ಆಪರೇಟರ್ ಕೂತಿರುವ ಕಡೆ ಅದರ ಕೆಲಸವೇ ಇಲ್ಲ. ಅವನ ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಏರಿಸುವ ಇಳಿಸುವ ಗುಂಡಿ ಇದ್ದೇ ಇದೆ. ಪ್ರಪಂಚದಲ್ಲೆಲ್ಲ ಗಾಯಕರು ಹಿಡಿಯುವ ಅಮೆರಿಕದ ಶೂರ್ ಕಂಪನಿಯ ಎಸ್‌ಎಂ 58 ಮೈಕು 1966ರಲ್ಲಿ ಬಂತು. ಅದರ ಮಾಮೂಲಿ ಮಾದರಿಯಲ್ಲಿ ಸ್ವಿಚ್ಚೇ ಇಲ್ಲ. ಸ್ವಿಚ್ಚು ಬೇಕೆನ್ನುವವರಿಗೆ ಬೇರೆ ಮಾದರಿ ಮಾಡಿದ್ದಾರೆ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನಾವು ಡಬ್ಬಿಯೊಳಗಿಟ್ಟು ಬಾಗಿಲು ಹಾಕುತ್ತೇವೆ. ದಾರಿಯಲ್ಲಿ ಹೋಗುವ ಹುಡುಗ ಕೆಂಪು ಗುಂಡಿ ಒತ್ತಿದರೆ ಬೆಳೆ ಒಣಗುತ್ತದೆ. ಮೈಕಿನ ಗುಂಡಿಗೆ ಮಾತ್ರ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

ಮಾಡಬೇಕಾದ್ದು ಇಷ್ಟೇ

ಆ ಹುಡುಗನನ್ನೂ ಇನ್ನಿಬ್ಬರು ಮೈಕಿನವರನ್ನೂ ಕೇಳಿ, ನಾನೇ ಕೈಯಾರೆ ಮಾಡಿ ನೋಡಿ ಬರೆಯುತ್ತಿದ್ದೇನೆ.

ಮೊದಲನೆಯದು ಟೇಪು. ಮೋಟಾರು ವಯರಿಗೆ ಸುತ್ತುತ್ತೇವಲ್ಲ, ಅದೇ ಕಪ್ಪು ಇನ್ಸುಲೇಷನ್ ಟೇಪು. ಸ್ವಿಚ್ಚನ್ನು ಆನ್ ಮಾಡಿ, ದನಿ ಬರುತ್ತದೆಂದು ನೋಡಿ, ಆಮೇಲೆ ಅದರ ಮೇಲೆ ಒಂದು ಸುತ್ತು ಪೂರ್ತಿ ಹಾಕಿ. ಬಿಚ್ಚಲು ಸುಲಭವಾಗಲಿ ಅಂತ ತುದಿಯನ್ನು ಚೂರು ಮಡಚಿ. ಕಾರ್ಯಕ್ರಮ ಮುಗಿದ ರಾತ್ರಿಯೇ ಬಿಚ್ಚಿಬಿಡಿ. ನಮ್ಮ ಬಿಸಿಲಿಗೆ ಅಂಟು ಕರಗಿ ಮೈಕೆಲ್ಲ ಜಿಗಟಾಗುತ್ತದೆ. ಬಟ್ಟೆಯ ಟೇಪು ಸಿಕ್ಕಿದರೆ ಇನ್ನೂ ವಾಸಿ.

ಕಾರ್ಡ್‌ಲೆಸ್‌ಗೆ ಟೇಪು ಹಾಕುವಾಗ ಮೂರು ಕಡೆ ಜೋಪಾನ. ಸಣ್ಣ ದೀಪ ಮುಚ್ಚಬಾರದು. ಬ್ಯಾಟರಿ ಡಬ್ಬಿಯ ಮುಚ್ಚಳ ಬಿಗಿಯಬಾರದು. ಬುಡಕ್ಕೆ ಟೇಪು ಬೇಡ, ಬಹಳ ಮೈಕುಗಳ ಏರಿಯಲ್ ಇರುವುದೇ ಬುಡದಲ್ಲಿ. ಹಾಡುವವರೂ ಬುಡ ಹಿಡಿಯಬಾರದು, ದನಿ ಕಡಿಕಡಿದು ಬರುತ್ತದೆ. ಹಾಗಂತ ಮೇಲಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಸ್ಪೀಕರು 'ಕುಂಯ್' ಅಂತ ಕಿರುಚುತ್ತದೆ. ನಡು ಹಿಡಿದರೆ ಅಲ್ಲಿ ಸ್ವಿಚ್ಚು! ಆದ್ದರಿಂದಲೇ ಟೇಪು ಬೇಕು ಅನ್ನುವುದು.

ಎರಡನೆಯದು ಲಾಕು. ಕೆಲವು ವಯರ್ ಮೈಕುಗಳಲ್ಲಿ ಸ್ವಿಚ್ಚು ಸರಿಯದಂತೆ ತಡೆಯುವ ತಗಡು ಇರುತ್ತದೆ. ಕೆಲವು ಕಾರ್ಡ್‌ಲೆಸ್‌ಗಳಲ್ಲಿ ಸೆಟ್ಟಿಂಗಿನಲ್ಲೇ ಲಾಕು ಮಾಡಬಹುದು. ಕೊಂಡಾಗ ಬಂದ ಪುಸ್ತಕವನ್ನು ಒಂದು ಸಲ ಬಿಡಿಸಿ ನೋಡಿದರೆ ತಿಳಿಯುತ್ತದೆ. ಕರೋಕೆಗೆಂದೇ ವಯರ್ ಮೈಕು ಕೊಳ್ಳುವವರು ಸ್ವಿಚ್ಚಿಲ್ಲದ್ದನ್ನೇ ಕೇಳಿ ತರಲಿ.

ಮೂರನೆಯದು ಕೈ ಬದಲಾಯಿಸುವ ಕ್ರಮ. ಹಾಡಿದವರು ನೇರ ಮುಂದಿನವರ ಕೈಗೆ ಕೊಡುವುದು ಬೇಡ. ಮೈಕು ನಿರೂಪಕರ ಕೈಗೆ ಬರಲಿ. ಅವರು ಅದೇ ಮೈಕಿನಲ್ಲಿ ಹಾಡುವವರ ಹೆಸರು ಹೇಳಲಿ. ಹೆಸರು ಕೇಳಿಸಿತೋ, ಮೈಕು ಸರಿಯಿದೆ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ನಾಲ್ಕನೆಯದು ಬದಲಿ ಮೈಕು. ಬ್ಯಾಟರಿ ಇಳಿದರೂ ದನಿ ಹೋಗುತ್ತದೆ, ಅದಕ್ಕೂ ಜನ ಸ್ವಿಚ್ಚನ್ನೇ ಬೈಯುತ್ತಾರೆ. ಕಾರ್ಡ್‌ಲೆಸ್ ಒಮ್ಮೆ ಪೂರ್ತಿ ಆರಿದರೆ ಮತ್ತೆ ಹತ್ತಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಒಂದು ಸಾಲು ಹೋಗಿರುತ್ತದೆ. ಒಂದು ವಯರ್ ಮೈಕು ಸ್ಟ್ಯಾಂಡಿನ ಮೇಲೆ ಸದಾ ಸಿದ್ಧವಿರಲಿ. ದನಿ ನಿಂತ ಕೂಡಲೇ ಆಪರೇಟರ್ ಸಂಗೀತವನ್ನೂ ನಿಲ್ಲಿಸಿ ಮೊದಲಿಂದ ಹಾಕಲಿ. ಹಾಡುವವರು ಬೆಪ್ಪಾಗಿ ನಿಲ್ಲುವಂತೆ ಮಾಡಬಾರದು.

ಐದನೆಯದು ಮಾತು. ಸ್ಟೇಜು ಹತ್ತುವ ಮೊದಲೇ ಹೇಳಬೇಕು: "ಗುಂಡಿ ಮುಟ್ಟಬೇಡಮ್ಮಾ, ಹಾಕೋದು ಆರಿಸೋದು ಅವರು ನೋಡ್ಕೋತಾರೆ." ಮೂರು ಭಾಷೆಯಲ್ಲೂ ಹೇಳಬೇಕು.

ಸ್ವಿಚ್ಚು ಮುಚ್ಚಿದರೆ ಹಾಡುವವರಿಗೆ ಕೆಮ್ಮು ಬಂದಾಗ ಏನು ಗತಿ ಅಂತ ಒಬ್ಬ ಹಿರಿಯರು ಕೇಳಿದರು. ಮೈಕು ಪಕ್ಕಕ್ಕೆ ತಿರುಗಿಸಿ ಕೆಮ್ಮಿದರಾಯಿತು. ಕೆಮ್ಮು ಕೇಳಿಸಿದರೆ ಯಾವ ಭಾಷೆಗೂ ಅವಮಾನವಿಲ್ಲ!

ನನಗೂ ಈ ಅನುಭವ ಇದೆ. ಒಂದು ಕವಿಗೋಷ್ಠಿಯಲ್ಲಿ ತೆಲುಗು ಪದ್ಯ ಓದಿ, ಅದರ ಕನ್ನಡ ಓದುವಾಗ ಮೈಕು ಆರಿಹೋಗಿತ್ತು. ಮುಗಿಸಿ ಕೂತ ಮೇಲೆ ಪಕ್ಕದವರು "ಕನ್ನಡದ್ದು ಓದಲೇ ಇಲ್ಲವಲ್ಲ ಅನ್ನಾ?" ಅಂದರು. ಕವಿಯ ಪದ್ಯ ಕೇಳಿಸದಿದ್ದರೆ ಜನಕ್ಕೆ ನಷ್ಟವಿಲ್ಲ, ಲಾಭವೇ ಇರಬಹುದು. ಆದರೆ ಮೊದಲ ಸಲ ಬಾಯಿ ತೆರೆದ ಮಗುವಿನ ಮಾತು ಬೇರೆ.

ಗಡಿಯ ಊರಿನಲ್ಲಿ ದನಿ ನಿಂತರೆ ಜನ ಮೈಕನ್ನು ನೋಡುವುದಿಲ್ಲ, ಯಾರ ಭಾಷೆ ಅಂತ ನೋಡುತ್ತಾರೆ. ತಮಿಳು ಹಾಡಿಗೆ ಹೀಗಾಗಿದ್ದರೆ ಆ ಕಡೆಯವರೂ ಹಾಗೇ ಕೂಗುತ್ತಿದ್ದರು. ಯಾರ ತಪ್ಪೂ ಇಲ್ಲದೆ ಹುಟ್ಟುವ ಜಗಳವನ್ನು ಆಮೇಲೆ ಬಗೆಹರಿಸುವುದು ಕಷ್ಟ, ಮೊದಲೇ ತಡೆಯುವುದು ಸುಲಭ. ಹಬ್ಬದ ಕಮಿಟಿಯವರು ಪಂದಲು, ಹೂವು, ಊಟದ ಲೆಕ್ಕ ಬರೆಯುವಾಗ ಒಂದು ಸುರುಳಿ ಟೇಪನ್ನೂ ಸೇರಿಸಲಿ.

ಮರುವರ್ಷ ಅದೇ ಹಬ್ಬಕ್ಕೆ ನನ್ನ ಪಂಪ್‌ಸೆಟ್ಟಿನ ಟೇಪನ್ನೇ ಜೇಬಿನಲ್ಲಿಟ್ಟುಕೊಂಡು ಹೋದೆ. ಎರಡು ಮೈಕಿಗೂ ನಾನೇ ಸುತ್ತಿದೆ. ಹುಡುಗಿ ಬರಲಾರೆ ಅಂದಳು. ಟೇಪು ಹಾಕಿದ ಮೈಕನ್ನು ಕೈಗೆ ಕೊಟ್ಟು, "ಒತ್ತಿ ನೋಡು" ಅಂದೆ. ಒತ್ತಿದಳು, ಎಳೆದಳು, ಜಗ್ಗಿದಳು. ಗುಂಡಿ ಅಲುಗಲಿಲ್ಲ. ಆಮೇಲೆ ಸ್ಟೇಜು ಹತ್ತಿದಳು. ಒಂದು ಕಡೆ ಶ್ರುತಿ ತಪ್ಪಿತು, ಆದರೂ ಪಲ್ಲವಿ, ಎರಡು ಚರಣ ಪೂರ್ತಿ ಹಾಡಿ ಇಳಿದಳು. ಮುಂದಿನ ತಮಿಳು ಹಾಡಿನ ಹುಡುಗ ಅದೇ ಮೈಕು ಹಿಡಿದ.