ತ್ರುಟಿತ ಕೃತಿಯ ಚಿತ್ರರೂಪ: ಪೆಟ್ರೋನಿಯಸ್‌ನ ‘ಸಟಿರಿಕಾನ್’ ಮತ್ತು ಫೆಲಿನಿ

ಪ್ರಾಚೀನ ಕೃತಿಯೊಂದನ್ನು ಚಲನಚಿತ್ರಕ್ಕೆ ಅಳವಡಿಸುವಾಗ ಮೂಲನಿಷ್ಠೆಯ ಪ್ರಶ್ನೆ ಏಳುವುದು ಸಹಜ. ಆದರೆ ಮೂಲವೇ ಪೂರ್ಣವಾಗಿ ಉಳಿದಿರದಿದ್ದಲ್ಲಿ ನಿಷ್ಠೆ ಯಾವುದಕ್ಕೆ? ನೀರೋ ಚಕ್ರವರ್ತಿಯ ಕಾಲದ ಪೆಟ್ರೋನಿಯಸ್‌ನದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ‘ಸಟಿರಿಕಾನ್’ ಎಂಬ ಲ್ಯಾಟಿನ್ ಕಥನ ಅಂಥದು. ಅದರ ಬಹುಭಾಗ ನಷ್ಟವಾಗಿದೆ. ಉಳಿದುದರಲ್ಲಿ ದೀರ್ಘವಾದ ಪ್ರಸಂಗವೆಂದರೆ ಟ್ರಿಮಾಲ್ಕಿಯೊ ಎಂಬ ಮಾಜಿ ಗುಲಾಮನ ಭೋಜನಕೂಟ. ಇದರ ಪೂರ್ಣಪಾಠವೂ ಬೆಳಕಿಗೆ ಬಂದದ್ದು 1650ರ ಸುಮಾರಿಗೆ, ಡಾಲ್ಮೇಷಿಯದ ಟ್ರೋಗಿರ್ ಪಟ್ಟಣದಲ್ಲಿ ದೊರೆತ ಹಸ್ತಪ್ರತಿಯೊಂದರಿಂದ.

ಇಟಲಿಯ ನಿರ್ದೇಶಕ ಫೆಡರಿಕೊ ಫೆಲಿನಿ ಅವರು ಬರ್ನಾರ್ಡಿನೊ ಜಪ್ಪೋನಿಯವರೊಡನೆ ಚಿತ್ರಕಥೆ ರಚಿಸಿ 1969ರಲ್ಲಿ ಇದನ್ನು ತೆರೆಗೆ ತಂದರು. ಅದೇ ವರ್ಷ ಜಾನ್ ಲುಯಿಜಿ ಪೊಲಿಡೋರೊ ಅವರ ‘ಸಟಿರಿಕಾನ್’ ಕೂಡ ಬಂದುದರಿಂದ ಶೀರ್ಷಿಕೆಗೆ ಫೆಲಿನಿಯವರ ಹೆಸರೂ ಸೇರಿತು. ವ್ಯಾವಹಾರಿಕ ಕಾರಣದಿಂದ ಬಂದ ಆ ಹೆಸರು ವಿಮರ್ಶೆಯ ದೃಷ್ಟಿಯಿಂದಲೂ ಒಪ್ಪತಕ್ಕದ್ದೇ.

ಲುಪ್ತಭಾಗಗಳನ್ನು ಊಹಿಸಿ ಸರಾಗವಾದ ಕಥೆ ಕಟ್ಟುವ ಹಾದಿಯನ್ನು ಫೆಲಿನಿ ಹಿಡಿಯಲಿಲ್ಲ. ದೃಶ್ಯಗಳು ಕಾರಣ ಕಾಣಿಸದೆ ಆರಂಭವಾಗುತ್ತವೆ, ಮುಗಿಯುವ ಮುನ್ನವೇ ಕಡಿಯುತ್ತವೆ. ಕೊನೆಯಲ್ಲಿ ನಾಯಕ ಎನ್ಕೋಲ್ಪಿಯಸ್‌ನ ನಿರೂಪಣೆ ವಾಕ್ಯದ ನಡುವೆಯೇ ನಿಲ್ಲುತ್ತದೆ. ಪಾತ್ರಗಳು ಪಾಳುಗೋಡೆಗಳ ಮೇಲಿನ ಮಾಸಿದ ಭಿತ್ತಿಚಿತ್ರಗಳಾಗುತ್ತವೆ. ತ್ರುಟಿತ ಸ್ಥಿತಿಯನ್ನು ಮರೆಮಾಚದೆ ಅದನ್ನೇ ರಚನಾತತ್ತ್ವವನ್ನಾಗಿ ಸ್ವೀಕರಿಸಿದ ಈ ನಿಷ್ಠೆ ಕಥಾಸಂಗತಿಗಳ ನಿಷ್ಠೆಗಿಂತ ಮಿಗಿಲಾದುದು.

ಹಾಗೆಂದು ಸ್ವಕಲ್ಪಿತ ಸೇರ್ಪಡೆಗಳಿಲ್ಲವೆಂದಲ್ಲ. ದೈವವೆಂದು ಪೂಜೆಗೊಳ್ಳುವ ಉಭಯಲಿಂಗಿಯ ಅಪಹರಣ, ಗುಲಾಮರನ್ನು ಬಿಡುಗಡೆಗೊಳಿಸಿ ಪ್ರಾಣ ನೀಗುವ ಶ್ರೀಮಂತ ದಂಪತಿ, ಇವು ಉಳಿದ ಪಠ್ಯದಲ್ಲಿಲ್ಲ. ಇನ್ನೊಂದು ಮಾರ್ಪಾಡು ಹೆಚ್ಚು ಗಮನಾರ್ಹ. ಪಠ್ಯದಲ್ಲಿ ಕವಿ ಯುಮೋಲ್ಪಸ್ ಸಿರಿವಂತನಂತೆ ನಟಿಸಿ, ತನ್ನ ಆಸ್ತಿ ಬಯಸುವವರು ತನ್ನ ಶವವನ್ನು ತಿನ್ನಬೇಕೆಂದು ಉಯಿಲಿನಲ್ಲಿ ಷರತ್ತು ಹಾಕುತ್ತಾನೆ. ಉಪಲಬ್ಧ ಕಥೆ ಅಲ್ಲಿಗೇ ಕಡಿದುಹೋಗುತ್ತದೆ. ಚಿತ್ರದಲ್ಲಾದರೋ ಅವನು ನಿಜವಾಗಿಯೇ ಸಾಯುತ್ತಾನೆ, ವಾರಸುದಾರರು ಗಂಭೀರವಾಗಿ ಅಗಿಯುತ್ತಾರೆ. ಹಾಸ್ಯ ಇಲ್ಲಿ ಬೀಭತ್ಸಕ್ಕೆ ತಿರುಗಿದೆ.

ನಿಜವಾದ ನಷ್ಟ ಬೇರೆಡೆ ಇದೆ. ಮೂಲದ ಎನ್ಕೋಲ್ಪಿಯಸ್ ತನ್ನ ಕ್ಷುದ್ರ ಸಂಕಟಗಳನ್ನು ಮಹಾಕಾವ್ಯದ ಧಾಟಿಯಲ್ಲಿ ಬಣ್ಣಿಸಿ ತನ್ನನ್ನೇ ನಗೆಗೀಡುಮಾಡಿಕೊಳ್ಳುವ ನಿರೂಪಕ. ಕ್ಯಾಮೆರಾ ಅವನನ್ನು ಹೊರಗಿನಿಂದ ನೋಡುವುದರಿಂದ ಆ ವ್ಯಂಗ್ಯ ಬಹುಪಾಲು ಕೈತಪ್ಪಿದೆ. ಭೋಜನಕೂಟದಲ್ಲಿ ಬಿಡುಗಡೆಗೊಂಡ ಗುಲಾಮರು ಆಡುವ ಗಾದೆಭರಿತ, ವ್ಯಾಕರಣ ಮೀರಿದ ಮಾತುಗಳಂತೂ ಆಡುಲ್ಯಾಟಿನ್ನಿನ ಅಭ್ಯಾಸಕ್ಕೆ ಅಮೂಲ್ಯ ಆಕರ. ಅವುಗಳ ಸೊಗಡು ಚಿತ್ರಕ್ಕೆ ಇಳಿದಿಲ್ಲ. ಮಾತಿನ ಆ ಹೊಣೆಯನ್ನು ಫೆಲಿನಿ ಮುಖಗಳಿಗೆ ವಹಿಸಿದಂತಿದೆ. ಟ್ರಿಮಾಲ್ಕಿಯೊ ಪಾತ್ರಕ್ಕೆ ಅವರು ಆರಿಸಿದ್ದು ವೃತ್ತಿನಟನನ್ನಲ್ಲ, ರೋಮ್ ನಗರದ ಭೋಜನಗೃಹವೊಂದರ ಮಾಲೀಕ ಮಾರಿಯೊ ರೊಮಾನ್ಯೋಲಿಯವರನ್ನು.