ಗೆರೆಗೊಂದು ಲೇಯರ್: ಕ್ಯಾಡ್ ನಕ್ಷೆಯ ಒಳಗಿನ ವಿಂಗಡಣೆ

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶದಲ್ಲಿ ಎಳೆದ ಪ್ರತಿ ಗೆರೆಯೂ ಒಂದಲ್ಲ ಒಂದು ಲೇಯರ್‌ಗೆ ಸೇರಿರುತ್ತದೆ. ಲೇಯರ್ ಇಲ್ಲದ ಗೆರೆ ಇರುವುದಿಲ್ಲ; ಒಂದೇ ಗೆರೆ ಎರಡು ಲೇಯರ್‌ಗಳಲ್ಲಿ ಇರಲೂ ಆಗದು. ಮನೆಯ ನಕ್ಷೆಯಾದರೆ ಗೋಡೆಗೊಂದು, ಬಾಗಿಲು ಕಿಟಕಿಗೊಂದು, ಅಳತೆಗೊಂದು, ಬರಹಕ್ಕೊಂದು, ನೀರಿನ ಪೈಪಿಗೊಂದು, ಕರೆಂಟಿನ ಪಾಯಿಂಟುಗಳಿಗೊಂದು ಎಂದು ಲೇಯರ್‌ಗಳು ಬೆಳೆಯುತ್ತಾ ಹೋಗುತ್ತವೆ. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೆ ಪರದೆಯ ಮೇಲೆ ಗೆರೆಗಳ ಗೋಜಲು ಮಾತ್ರ ಕಾಣುತ್ತದೆ. ಬೇಕಾದುದನ್ನು ಉಳಿಸಿ ಬೇಡವಾದುದನ್ನು ಮರೆಸಿದಾಗ ಅದೇ ಕಡತ ಮೇಸ್ತ್ರಿಗೆ ಒಂದು ನಕ್ಷೆ, ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ನಕ್ಷೆ, ಪುರಸಭೆಗೆ ಮತ್ತೊಂದು ನಕ್ಷೆ ಆಗುತ್ತದೆ.

ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆ ಎಂದು ಪಾಠ ಹೇಳುವುದು ರೂಢಿ. ಕಣ್ಣಿಗೆ ಕಾಣುವ ಮಟ್ಟಿಗೆ ಅದು ಸರಿಯೇ. ಕಡತದ ಒಳಗೆ ಮಾತ್ರ ಹಾಳೆ ಎಂಬುದೇನೂ ಇಲ್ಲ. ಬೇರೆ ಬೇರೆ ಕ್ಯಾಡ್ ತಂತ್ರಾಂಶಗಳು ಪರಸ್ಪರ ಓದಬಲ್ಲ ಡಿಎಕ್ಸ್‌ಎಫ್ ಕಡತವನ್ನು ಬಿಚ್ಚಿ ನೋಡಿದರೆ, ಪ್ರತಿ ಗೆರೆಯ ವಿವರದಲ್ಲಿ 8 ಎಂಬ ಸಂಕೇತಸಂಖ್ಯೆಯ ಮುಂದೆ ಅದರ ಲೇಯರ್‌ನ ಹೆಸರು ಬರೆದಿರುತ್ತದೆ, ಅಷ್ಟೇ. ಲೇಯರ್‌ಗಳ ಗುಣಗಳು ಬೇರೊಂದು ಪಟ್ಟಿಯಲ್ಲಿರುತ್ತವೆ. ಆ ಪಟ್ಟಿಯಲ್ಲಿ 62ರ ಮುಂದಿನ ಸಂಖ್ಯೆ ಲೇಯರ್‌ನ ಬಣ್ಣ. ಲೇಯರನ್ನು ಆಫ್ ಮಾಡಿದಾಗ ಆಗುವ ಬದಲಾವಣೆ ಇಷ್ಟೇ: ಆ ಬಣ್ಣದ ಸಂಖ್ಯೆ ಋಣ ಸಂಖ್ಯೆಯಾಗುತ್ತದೆ. ಸಾವಿರಾರು ಗೆರೆಗಳು ಒಂದೇ ಕ್ಲಿಕ್ಕಿಗೆ ಮರೆಯಾಗುವುದರ ಹಿಂದೆ ಇರುವುದು ಒಂದು ಮೈನಸ್ ಚಿಹ್ನೆ. ಹಾಳೆಗಳಂತೆ ಮೇಲೆ ಕೆಳಗೆ ಎಂಬ ಕ್ರಮವೂ ಲೇಯರ್‌ಗಳಿಗಿಲ್ಲ. ಯಾವ ಆಕೃತಿ ಯಾವುದರ ಮೇಲೆ ಕಾಣಬೇಕು ಎಂಬುದನ್ನು ಬೇರೆಯೇ ಒಂದು ಆದೇಶ ನಿರ್ಧರಿಸುತ್ತದೆ. ಹಾಗಾಗಿ ಲೇಯರ್ ಮೂಲತಃ ಒಂದು ವರ್ಗೀಕರಣ. ಯಾವ ಗೆರೆ ಯಾವ ಗುಂಪಿನದು ಎಂಬ ತೀರ್ಮಾನವನ್ನು ಯಂತ್ರ ಮಾಡುವುದಿಲ್ಲ, ನಕ್ಷೆ ಬರೆಯುವವರೇ ಮಾಡಬೇಕು.

ಹಾಳೆಯ ಕಲ್ಪನೆ ಬಂದದ್ದು ಕಂಪ್ಯೂಟರಿಗಿಂತ ಹಿಂದಿನ ಡ್ರಾಯಿಂಗ್ ಬೋರ್ಡಿನಿಂದ. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಬರೆದು ಅಮೋನಿಯಾ ಪ್ರಿಂಟ್ ತೆಗೆಯುತ್ತಿದ್ದ ಕಾಲದಲ್ಲಿ, ದೊಡ್ಡ ಕಟ್ಟಡಗಳಿಗೆ ಮೂಲ ಪ್ಲಾನ್ ಒಂದು ಪಾಲಿಯೆಸ್ಟರ್ ಹಾಳೆಯಲ್ಲೂ ಪೈಪು, ವಿದ್ಯುತ್ ಮುಂತಾದವು ಬೇರೆ ಬೇರೆ ಹಾಳೆಗಳಲ್ಲೂ ಇರುತ್ತಿದ್ದವು. ಹಾಳೆಗಳು ಕೂದಲೆಳೆಯಷ್ಟೂ ಸರಿಯದಂತೆ ಅಂಚಿನ ತೂತುಗಳನ್ನು ಲೋಹದ ಮೊಳೆಪಟ್ಟಿಗೆ ಸಿಕ್ಕಿಸಿ ಕೂರಿಸುವ ಪದ್ಧತಿಯೂ ಇತ್ತು. 1982ರಲ್ಲಿ ಆಟೊಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶ ಮಾರುಕಟ್ಟೆಗೆ ಬಂತು. ಮುಂದೆ ಮಣಿಪಾಲದ ಎಂಜಿನಿಯರಿಂಗ್ ಮತ್ತು ಆರ್ಕಿಟೆಕ್ಚರ್ ತರಗತಿಗಳಿಂದ ಹಿಡಿದು ಕಾರ್ಕಳದ ಪೇಟೆಯ ಸಣ್ಣ ಡ್ರಾಯಿಂಗ್ ಕಚೇರಿಯವರೆಗೆ ಮರದ ಬೋರ್ಡಿನ ಜಾಗದಲ್ಲಿ ಪರದೆ ಬಂದು ಕೂತಿತು. ಮೊಳೆಪಟ್ಟಿ ಹೋಯಿತು, ವಿಂಗಡಿಸುವ ಶಿಸ್ತು ಉಳಿಯಿತು.

ಕಾಪುವಿನ ಕಡಲಬದಿಯ ಒಂದು ಜಾಗದಲ್ಲಿ ಮನೆ ಕಟ್ಟುವ ನಕ್ಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮನೆಯ ಗೋಡೆ ಎಳೆಯುವ ಮುಂಚೆಯೇ ಅಲ್ಲಿ ಹಲವು ಗೆರೆಗಳಿವೆ. ಜಾಗದ ಗಡಿ, ದಾರಿ, ಬಾವಿ, ತೆಂಗಿನ ಮರಗಳು, ಒಂದು ಮೂಲೆಯಲ್ಲಿ ಕಡಿಯಬಾರದ ನಾಗಬನ. ಸಮುದ್ರದ ಕಡೆಯಿಂದ ಕಾನೂನಿನ ಗೆರೆಗಳು ಬರುತ್ತವೆ. ಉಬ್ಬರದ ರೇಖೆಯಿಂದ 500 ಮೀಟರ್‌ವರೆಗಿನ ನೆಲ ಕರಾವಳಿ ನಿಯಂತ್ರಣ ವಲಯಕ್ಕೆ ಒಳಪಡುತ್ತದೆ. 2011ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ ಆ ರೇಖೆಯಿಂದ 200 ಮೀಟರ್ ಜಾಗ ಅಭಿವೃದ್ಧಿ ನಿಷೇಧಿತ ವಲಯ. ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಿಗೆ 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿತು. ಉಬ್ಬರದ ರೇಖೆ, 50, 200, 500 ಮೀಟರಿನ ರೇಖೆಗಳು ಬೇರೆ ಬೇರೆ ಲೇಯರ್‌ಗಳಲ್ಲಿದ್ದರೆ, ಯಾವ ನಿಯಮಕ್ಕೆ ಮನೆಯ ಎಷ್ಟು ಭಾಗ ಸಿಕ್ಕಿಬೀಳುತ್ತದೆ ಎಂದು ಒಂದೊಂದನ್ನೇ ತೆರೆದು ನೋಡಬಹುದು. ಪಕ್ಕದ ಮನೆಯವರ ಬಾವಿಯನ್ನೂ ಗುರುತಿಸಿ ಅದಕ್ಕೊಂದು ಲೇಯರ್ ಕೊಟ್ಟರೆ, ತಮ್ಮ ಇಂಗುಗುಂಡಿ ಅದರಿಂದ ಎಷ್ಟು ದೂರ ಎಂಬುದು ಮಣ್ಣು ಅಗೆಯುವ ಮೊದಲೇ ತಿಳಿಯುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಸಲೀಸಾಗಿ ಹರಿಯುವುದರಿಂದ ಈ ಒಂದು ಲೇಯರ್ ಎಷ್ಟೋ ಬಾರಿ ಮನೆಯ ಮುಂಭಾಗದ ಅಂದಕ್ಕಿಂತ ಮುಖ್ಯ.

ಲೇಯರ್‌ಗೆ ಹೆಸರಿಡುವುದು ಸಣ್ಣ ಕೆಲಸವೆಂದು ಕಾಣುತ್ತದೆ. ಅವಸರದಲ್ಲಿ ‘ಲೇಯರ್1’, ‘ಲೇಯರ್2’, ‘ಹೊಸದು’ ಎಂದು ಬಿಟ್ಟ ಹೆಸರುಗಳು ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ. ಆಟೊಕ್ಯಾಡ್‌ನ ಹಳೆಯ ಆವೃತ್ತಿಗಳಲ್ಲಿ ಹೆಸರಿಗೆ 31 ಅಕ್ಷರಗಳ ಮಿತಿಯಿತ್ತು. ಈಗ 255ರವರೆಗೆ ಬರೆಯಬಹುದು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೆಸರಿನ ಮೊದಲ ಅಕ್ಷರ ವಿಭಾಗವನ್ನೂ ಮುಂದಿನದು ವಸ್ತುವನ್ನೂ ಹೇಳುತ್ತದೆ: ‘ಎ-ವಾಲ್’ ಎಂದರೆ ವಾಸ್ತುಶಿಲ್ಪ ವಿಭಾಗದ ಗೋಡೆ, ‘ಎಸ್-ಕಾಲ್ಸ್’ ಎಂದರೆ ಕಟ್ಟಡದ ಬಲಕ್ಕೆ ಸಂಬಂಧಿಸಿದ ಕಂಬಗಳು. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 13567 ಎಂಬ ಮಾನಕವಿದೆ. ಊರಿನ ಕಚೇರಿ ಇವನ್ನೇ ಪಾಲಿಸಬೇಕೆಂದಿಲ್ಲ, ಆದರೆ ಯಾವುದಾದರೂ ಒಂದು ಪದ್ಧತಿಗೆ ಅಂಟಿಕೊಳ್ಳಬೇಕು. ವಿಭಾಗದ ಅಕ್ಷರ ಮೊದಲು ಬಂದರೆ ಅಕಾರಾದಿ ಪಟ್ಟಿಯಲ್ಲಿ ಒಂದು ವಿಭಾಗದ ಲೇಯರ್‌ಗಳೆಲ್ಲ ತಾವಾಗಿಯೇ ಒಟ್ಟಿಗೆ ಬಂದು ನಿಲ್ಲುತ್ತವೆ. ನಕ್ಷತ್ರಚಿಹ್ನೆ ಬಳಸಿ ‘ಎ’ಯಿಂದ ಶುರುವಾಗುವುದೆಲ್ಲ ಎಂದು ಫಿಲ್ಟರ್ ಹಾಕಿದರೆ ನೂರರ ಪಟ್ಟಿ ಹತ್ತಕ್ಕೆ ಇಳಿಯುತ್ತದೆ.

ಹೆಸರಿನ ಜೊತೆಗೆ ಬಣ್ಣ, ಗೆರೆಯ ಬಗೆ, ಗೆರೆಯ ದಪ್ಪ ಇವೂ ಲೇಯರ್‌ಗೆ ಸೇರಿದ ಗುಣಗಳು. ಕತ್ತರಿಸಿ ತೋರಿಸುವ ಗೋಡೆಗೆ 0.5 ಮಿಲಿಮೀಟರ್, ಅಳತೆಯ ಗೆರೆಗೆ 0.18 ಎಂದು ಲೇಯರ್‌ನಲ್ಲೇ ನಿಗದಿ ಮಾಡಬಹುದು. 0.18, 0.25, 0.35, 0.5, 0.7 ಎಂಬ ಈ ದಪ್ಪಗಳಲ್ಲಿ ಒಂದು ಗಣಿತವಿದೆ: ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ದಪ್ಪ. ಎ1, ಎ2, ಎ3 ಕಾಗದಗಳ ಅಳತೆಯೂ ಅದೇ ಅನುಪಾತದಲ್ಲಿ ಕಿರಿದಾಗುತ್ತದೆ. ಎ1 ಹಾಳೆಯನ್ನು ಎ2ಗೆ ಇಳಿಸಿದಾಗ 0.7ರ ಗೆರೆ ಸರಿಯಾಗಿ 0.5ರ ಗೆರೆಯಾಗಿ ಕಾಣುತ್ತದೆ. ಇಂಕ್ ಪೆನ್ನಿನ ಕಾಲದ ಈ ಚೆಲುವಾದ ಏರ್ಪಾಡು ಕ್ಯಾಡ್‌ನಲ್ಲೂ ಹಾಗೆಯೇ ಮುಂದುವರಿದಿದೆ. ಇದರ ಫಲ ಸಿಗಬೇಕಾದರೆ ಗೆರೆಯ ಬಣ್ಣ, ದಪ್ಪ ಎರಡನ್ನೂ ‘ಬೈಲೇಯರ್’ ಎಂದು ಬಿಡಬೇಕು, ಅಂದರೆ ಗೆರೆ ತನ್ನ ಲೇಯರ್‌ನ ಗುಣವನ್ನೇ ತಾಳಬೇಕು. ಒಂದೊಂದು ಗೆರೆಗೂ ಕೈಯಾರೆ ಬೇರೆ ಬಣ್ಣ ಕೊಟ್ಟ ಕಡತದಲ್ಲಿ ಲೇಯರ್‌ನ ಬಣ್ಣ ಬದಲಿಸಿದರೂ ಆ ಗೆರೆಗಳು ಅಲುಗುವುದಿಲ್ಲ.

ಹೊಸ ಗೆರೆ ಸೇರುವುದು ಆ ಹೊತ್ತಿಗೆ ಚಾಲ್ತಿಯಲ್ಲಿರುವ ‘ಕರೆಂಟ್’ ಲೇಯರ್‌ಗೆ. ಅಳತೆಯ ಲೇಯರ್ ಚಾಲ್ತಿಯಲ್ಲಿರುವಾಗ ಗೋಡೆ ಎಳೆದರೆ ಗೋಡೆ ಅಳತೆಯ ಗುಂಪಿಗೆ ಹೋಗಿ ಕೂರುತ್ತದೆ, ಮುಂದೆ ಅಳತೆಗಳನ್ನು ಮರೆಸಿದಾಗ ಅದೂ ಕಾಣೆಯಾಗುತ್ತದೆ. ನಕ್ಷೆಗಳಲ್ಲಿ ಹೆಚ್ಚಾಗಿ ಕಾಣುವ ದೋಷಗಳಲ್ಲಿ ಇದೊಂದು. ಇದಕ್ಕೆ ಸುಲಭವಾದ ದಾರಿಯೆಂದರೆ ಪಟ್ಟಿಯಲ್ಲಿ ಹುಡುಕುವ ಬದಲು ಈಗಾಗಲೇ ಇರುವ ಒಂದು ಗೋಡೆಯನ್ನು ಮುಟ್ಟಿ ಅದರ ಲೇಯರನ್ನೇ ಚಾಲ್ತಿಗೆ ತರುವ ಆದೇಶವನ್ನು ಬಳಸುವುದು. ತಪ್ಪಿ ಸೇರಿದ ಗೆರೆಗಳನ್ನು ಆಯ್ದು ಗುಣಗಳ ಪಟ್ಟಿಯಲ್ಲಿ ಲೇಯರ್ ಬದಲಿಸಿದರೆ ಅವು ಸರಿಯಾದ ಗುಂಪಿಗೆ ಬರುತ್ತವೆ.

ಲೇಯರನ್ನು ಬದಿಗಿಡುವುದರಲ್ಲಿ ಮೂರು ಬಗೆಯಿದೆ. ಅವುಗಳ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕೆಲಸ ಕೆಡುತ್ತದೆ. ಆಫ್ ಮಾಡಿದ ಲೇಯರ್ ಕಾಣುವುದಿಲ್ಲ, ಮುದ್ರಣವಾಗುವುದಿಲ್ಲ, ಆದರೆ ತಂತ್ರಾಂಶದ ಲೆಕ್ಕದಲ್ಲಿ ಅದು ಇನ್ನೂ ಇದೆ. ಫ್ರೀಜ್ ಮಾಡಿದ್ದನ್ನು ತಂತ್ರಾಂಶ ಲೆಕ್ಕದಿಂದಲೇ ಹೊರಗಿಡುತ್ತದೆ, ಆದ್ದರಿಂದ ದೊಡ್ಡ ಕಡತಗಳು ಹಗುರಾಗುತ್ತವೆ. ಲಾಕ್ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಅದರ ಮೂಲೆಗಳನ್ನು ಹಿಡಿದು ಅಳೆಯಬಹುದು, ಆದರೆ ಅಳಿಸಲು ಸರಿಸಲು ಆಗದು. ಆಟೊಕ್ಯಾಡ್‌ನಲ್ಲಿ ‘ಆಲ್’ ಎಂದು ಕೊಟ್ಟು ಎಲ್ಲವನ್ನೂ ಆಯ್ದಾಗ ಫ್ರೀಜ್ ಆದವೂ ಲಾಕ್ ಆದವೂ ಹೊರಗುಳಿಯುತ್ತವೆ. ಆಫ್ ಆದವು ಮಾತ್ರ ಆಯ್ಕೆಯಲ್ಲಿ ಸೇರಿಬಿಡುತ್ತವೆ. ಕಾಣದ ಪೈಪಿನ ಗೆರೆಗಳು ಕಾಣುವ ಗೋಡೆಗಳ ಜೊತೆಗೆ ಅಳಿಸಿಹೋದದ್ದು ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ. ಕೈ ತಾಗಬಾರದ ಸರ್ವೆ ಗಡಿ, ಉಬ್ಬರದ ರೇಖೆ ಇಂಥವನ್ನು ಮೊದಲ ದಿನವೇ ಲಾಕ್ ಮಾಡಿಡುವುದು ಒಳ್ಳೆಯದು.

ಲೇಯರ್‌ನ ನಿಜವಾದ ಬಲ ಕಾಣುವುದು ಆಯ್ಕೆಯಲ್ಲಿ. ಗೋಜಲಿನ ನಡುವೆ ಬಾಗಿಲುಗಳನ್ನಷ್ಟೇ ಒಂದೊಂದಾಗಿ ಹೆಕ್ಕುವುದು ಕಣ್ಣಿಗೂ ಬೆರಳಿಗೂ ದಣಿವು. ಆಟೊಕ್ಯಾಡ್‌ನ ‘ಕ್ವಿಕ್ ಸೆಲೆಕ್ಟ್’ನಲ್ಲಿ ಲೇಯರ್‌ನ ಹೆಸರು ಕೊಟ್ಟರೆ ಆ ಗುಂಪಿನದೆಲ್ಲ ಒಮ್ಮೆಗೇ ಸಿಗುತ್ತದೆ, ಬಣ್ಣ, ಆಕೃತಿಯ ಬಗೆ ಇತ್ಯಾದಿ ಷರತ್ತುಗಳನ್ನೂ ಸೇರಿಸಬಹುದು. ‘ಸೆಲೆಕ್ಟ್ ಸಿಮಿಲರ್’ ಒಂದನ್ನು ಮುಟ್ಟಿದರೆ ಅದರಂಥವನ್ನೆಲ್ಲ ಹಿಡಿಯುತ್ತದೆ. ‘ಐಸೊಲೇಟ್’ ಮುಟ್ಟಿದ ಲೇಯರನ್ನು ಮಾತ್ರ ಉಳಿಸಿ ಮಿಕ್ಕವನ್ನು ಮರೆಸುತ್ತದೆ ಅಥವಾ ಮಸುಕಾಗಿಸಿ ಲಾಕ್ ಮಾಡುತ್ತದೆ. ಬೇರೆಯವರಿಂದ ಬಂದ ಕಡತವಾದರೆ ‘ಲೇಯರ್ ವಾಕ್’ ಬಹಳ ಉಪಕಾರಿ: ಪಟ್ಟಿಯಲ್ಲಿ ಒಂದೊಂದು ಹೆಸರಿನ ಮೇಲೆ ಕ್ಲಿಕ್ಕಿಸುತ್ತಾ ಹೋದಂತೆ ಆ ಲೇಯರ್‌ನಲ್ಲಿ ಏನಿದೆ ಎಂಬುದು ಪರದೆಯಲ್ಲಿ ಬರುತ್ತದೆ. ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲೂ ಲೇಯರ್ ಪಟ್ಟಿಯಲ್ಲಿ ತೋರಿಸು, ಲಾಕ್ ಮಾಡು, ಮುದ್ರಿಸು ಎಂಬ ಗುಂಡಿಗಳಿವೆ. ವಿದ್ಯಾರ್ಥಿಗಳಿಗೆ ಕಲಿಯಲು ಅಷ್ಟು ಸಾಕು.

ಆಟೊಕ್ಯಾಡ್‌ನಲ್ಲಿ ಎರಡು ಲೇಯರ್‌ಗಳ ನಡತೆ ಉಳಿದವುಗಳಂತಲ್ಲ. ‘0’ ಎಂಬ ಲೇಯರ್ ಪ್ರತಿ ಕಡತದಲ್ಲೂ ಹುಟ್ಟಿನಿಂದಲೇ ಇರುತ್ತದೆ. ಅದನ್ನು ಅಳಿಸಲೂ ಆಗದು, ಹೆಸರು ಬದಲಿಸಲೂ ಆಗದು. ಒಮ್ಮೆ ಬರೆದು ಮತ್ತೆ ಮತ್ತೆ ಬಳಸುವ ಬಾಗಿಲು, ಕಮೋಡಿನಂಥ ಬ್ಲಾಕ್‌ಗಳ ಒಳಗಿನ ಗೆರೆಗಳು ‘0’ಯಲ್ಲಿದ್ದರೆ, ಬ್ಲಾಕನ್ನು ಯಾವ ಲೇಯರ್‌ನಲ್ಲಿ ಇಟ್ಟರೂ ಅವು ಆ ಲೇಯರ್‌ನ ಗುಣಗಳನ್ನು ಪಡೆಯುತ್ತವೆ. ಬ್ಲಾಕ್ ಮಾಡಲು ‘0’ಯನ್ನು ಮೀಸಲಿಡುವುದು, ನೇರವಾಗಿ ಅದರ ಮೇಲೆ ನಕ್ಷೆ ಬರೆಯದಿರುವುದು ಪಳಗಿದವರ ಪದ್ಧತಿ. ಅಳತೆ ಹಾಕಿದೊಡನೆ ‘ಡೆಫ್‌ಪಾಯಿಂಟ್ಸ್’ ಎಂಬ ಇನ್ನೊಂದು ಲೇಯರ್ ತಾನಾಗಿ ಹುಟ್ಟುತ್ತದೆ. ಅದರಲ್ಲಿರುವುದು ಮುದ್ರಣವಾಗುವುದೇ ಇಲ್ಲ. ಪರದೆಯಲ್ಲಿ ಕಾಣುವ ಗೆರೆ ಕಾಗದದಲ್ಲಿ ಬರಲಿಲ್ಲವೆಂದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೊಂದು.

ಹೊಸ ಕಟ್ಟಡಕ್ಕಿಂತ ಹಳೆಯ ಕಟ್ಟಡವನ್ನು ಅಳೆದು ಬರೆಯುವಾಗ ಲೇಯರ್‌ಗಳ ಮಹತ್ವ ಇನ್ನೂ ಹೆಚ್ಚು. ಕಾರ್ಕಳದ ಚತುರ್ಮುಖ ಬಸದಿ 1586ರಲ್ಲಿ ಇಮ್ಮಡಿ ಭೈರರಸನ ಕಾಲದಲ್ಲಿ ಕಟ್ಟಿದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನ ಮುಖ, ನಡುವಿನ ಗರ್ಭಗೃಹದಲ್ಲಿ ನಾಲ್ಕು ಕಡೆಗಳಲ್ಲಿ ಪ್ರತಿಯೊಂದಕ್ಕೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು, ಸುತ್ತ ಕಲ್ಲುಕಂಬಗಳ ಸಾಲು, ಮೇಲೆ ಕಲ್ಲುಚಪ್ಪಡಿಯ ಮಾಡು. ಇಷ್ಟು ಸಮಮಿತಿಯಿರುವ ಪ್ಲಾನನ್ನು ಕಂಡಾಗ ಕಾಲುಭಾಗವನ್ನು ಬರೆದು ‘ಮಿರರ್’ ಆದೇಶದಿಂದ ಮಿಕ್ಕ ಮುಕ್ಕಾಲು ಭಾಗವನ್ನು ತುಂಬುವ ಆಸೆ ಸಹಜ. ದಾಖಲೆಯ ದೃಷ್ಟಿಯಿಂದ ಅದು ತಪ್ಪು. ಶತಮಾನಗಳ ಮಳೆ ಕಂಡ ಕಲ್ಲುಗಳಲ್ಲಿ ಕುಸಿತ, ಬಿರುಕು, ದುರಸ್ತಿ ನಾಲ್ಕೂ ಕಡೆ ಒಂದೇ ಥರ ಇರಲಾರವು. ಆದ್ದರಿಂದ ಟೇಪು ಹಿಡಿದು ಅಳೆದ ಗೆರೆಗಳಿಗೆ ಒಂದು ಲೇಯರ್, ಸಮಮಿತಿಯಿಂದ ಊಹಿಸಿದ ಗೆರೆಗಳಿಗೆ ಇನ್ನೊಂದು, ಬಿರುಕುಗಳಿಗೆ ಒಂದು, ನಂತರದ ದುರಸ್ತಿಗಳಿಗೆ ಒಂದು ಎಂದು ಬೇರೆ ಬೇರೆ ಇಡಬೇಕು. ಅಳೆದದ್ದೂ ಊಹಿಸಿದ್ದೂ ಒಂದೇ ಲೇಯರ್‌ನಲ್ಲಿ ಬೆರೆತರೆ ಮುಂದಿನ ತಲೆಮಾರಿನ ಸಂರಕ್ಷಕರಿಗೆ ಯಾವ ಗೆರೆಯನ್ನು ನಂಬಬೇಕೆಂದು ತಿಳಿಯುವ ಉಪಾಯವೇ ಇರುವುದಿಲ್ಲ. ಕ್ಯಾಡ್ ಎಲ್ಲ ಗೆರೆಗಳನ್ನೂ ಒಂದೇ ಖಚಿತತೆಯಲ್ಲಿ ತೋರಿಸುತ್ತದೆ; ಪೆನ್ಸಿಲ್ಲಿನ ಅನುಮಾನದ ತೆಳು ಗೆರೆ ಅದಕ್ಕೆ ಗೊತ್ತಿಲ್ಲ. ಆ ಅನುಮಾನವನ್ನು ದಾಖಲಿಸಲು ಉಳಿದಿರುವ ಸರಳ ದಾರಿ ಲೇಯರ್.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ ಮೊದಲಾದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಹೀಗೆ ಮನೆಯೊಂದನ್ನು ಸ್ಥಳಾಂತರಿಸುವ ಕೆಲಸದಲ್ಲಿ ಹಂಚು, ರೀಪು, ಪಕ್ಕಾಸು, ಮುಚ್ಚಿಗೆ, ತೊಲೆ, ಕಂಬ ಎಂಬ ಕ್ರಮದಲ್ಲಿ ಮೇಲಿನಿಂದ ಕೆಳಗೆ ಬಿಚ್ಚಬೇಕು, ಕೂಡಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಇಂಥ ನಕ್ಷೆಯನ್ನು ಕ್ಯಾಡ್‌ನಲ್ಲಿ ಬರೆಯುವುದಾದರೆ ಬಿಚ್ಚುವ ಕ್ರಮದಲ್ಲೇ ಲೇಯರ್‌ಗಳಿಗೆ ಸಂಖ್ಯೆ ಕೊಡುವುದು ಸೂಕ್ತ. ಒಂದೊಂದನ್ನೇ ಆಫ್ ಮಾಡುತ್ತಾ ಹೋದರೆ ಬಡಗಿ ಆಯಾ ದಿನ ಎದುರಿಸುವ ಮನೆಯೇ ಪರದೆಯಲ್ಲಿ ಕಾಣುತ್ತದೆ, ಪ್ರತಿ ತುಂಡಿನ ಮೇಲೆ ಬರೆದ ಗುರುತು ಅದರದೇ ಲೇಯರ್‌ನಲ್ಲಿ ಜೊತೆಗಿರುತ್ತದೆ.

ಒಂದೇ ಕಡತದಿಂದ ಹಲವು ಹಾಳೆ ತೆಗೆಯಲು ಮುದ್ರಣದ ಲೇಔಟ್‌ನಲ್ಲಿ ವ್ಯೂಪೋರ್ಟ್ ಎಂಬ ಕಿಂಡಿಗಳಿವೆ. ಒಂದು ಕಿಂಡಿಯಲ್ಲಿ ಮಾತ್ರ ಲೇಯರನ್ನು ಫ್ರೀಜ್ ಮಾಡಿ ಇನ್ನೊಂದರಲ್ಲಿ ತೋರಿಸಬಹುದು. ಪದೇ ಪದೇ ಬೇಕಾಗುವ ಜೋಡಣೆಯನ್ನು ‘ಲೇಯರ್ ಸ್ಟೇಟ್’ ಆಗಿ ಉಳಿಸಿಟ್ಟರೆ ಕರೆದಾಗ ಅದೇ ಸ್ಥಿತಿ ಮರಳುತ್ತದೆ. ಸರ್ವೆ ನಕ್ಷೆಯಂಥ ಬೇರೆ ಕಡತವನ್ನು ಹೊರಗಿನಿಂದ ಜೋಡಿಸಿದಾಗ ಅದರ ಲೇಯರ್‌ಗಳು ಕಡತದ ಹೆಸರು, ನಡುವೆ ಲಂಬಗೆರೆ, ಆಮೇಲೆ ಲೇಯರ್‌ನ ಹೆಸರು ಎಂಬ ರೂಪದಲ್ಲಿ ಪಟ್ಟಿಗೆ ಬರುವುದರಿಂದ ಸ್ವಂತದ್ದರೊಡನೆ ಬೆರೆಯುವುದಿಲ್ಲ.

ನಕ್ಷೆ ಮಂಜೂರಾತಿಯಲ್ಲಿ ಲೇಯರ್‌ಗೆ ಈಗ ಮತ್ತೊಂದು ಪಾತ್ರ ಬಂದಿದೆ. ನಕ್ಷೆಯನ್ನು ಕಂಪ್ಯೂಟರೇ ಪರಿಶೀಲಿಸುವ ಆನ್‌ಲೈನ್ ವ್ಯವಸ್ಥೆಗಳು ನಿವೇಶನದ ಗಡಿ, ಕಟ್ಟಡದ ಹೊರರೇಖೆ, ರಸ್ತೆ, ಪಾರ್ಕಿಂಗ್ ಇವನ್ನು ಗುರುತಿಸುವುದು ನಿಗದಿತ ಹೆಸರಿನ ಲೇಯರ್‌ಗಳ ಮೂಲಕ. ಗೆರೆ ಸರಿಯಾಗಿದ್ದು ಲೇಯರ್ ತಪ್ಪಿದ್ದರೆ ಯಂತ್ರದ ಪಾಲಿಗೆ ಆ ಗೆರೆ ಇಲ್ಲವೇ ಇಲ್ಲ, ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟಿದ್ದರೂ ಆಕ್ಷೇಪಣೆ ಬರುತ್ತದೆ. ಕಚೇರಿಯ ಹೆಸರುಗಳನ್ನು ಕೇಳಿದ ಹೆಸರುಗಳಿಗೆ ಒಟ್ಟಾಗಿ ಬದಲಿಸಲು ಆಟೊಕ್ಯಾಡ್‌ನಲ್ಲಿ ‘ಲೇಯರ್ ಟ್ರಾನ್ಸ್‌ಲೇಟರ್’ ಇದೆ. ಒಂದೇ ವಸ್ತುವಿಗೆ ಎರಡು ಲೇಯರ್ ಆಗಿದ್ದರೆ ‘ಮರ್ಜ್’ ಮಾಡಬಹುದು. ‘ಪರ್ಜ್’ ಆದೇಶ ಒಂದು ಗೆರೆಯೂ ಇಲ್ಲದ ಖಾಲಿ ಲೇಯರ್‌ಗಳನ್ನಷ್ಟೇ ತೆಗೆಯುತ್ತದೆ, ಹಾಗಾಗಿ ಅದು ನಿರಪಾಯ. ‘ಲೇಯರ್ ಡಿಲೀಟ್’ ಮಾತ್ರ ಲೇಯರ್‌ನೊಂದಿಗೆ ಅದರ ಮೇಲಿನ ಎಲ್ಲ ಗೆರೆಗಳನ್ನೂ ಅಳಿಸುತ್ತದೆ. ಅದನ್ನು ಬಳಸುವ ಮುನ್ನ ಕಡತದ ಪ್ರತಿ ತೆಗೆದಿಟ್ಟುಕೊಳ್ಳಬೇಕು.